ಬಿಡುಗಡೆಯ ನಂತರ: ಅಮೆರಿಕದ ದಾಸ್ಯ, ಕನ್ನಡ ನಾಡಿನ ಜೀತ ಮತ್ತು ಸಭೆಯ ಹೊಣೆ

ಪೀಠಿಕೆ

ಸಭಾಚರಿತ್ರೆಯ ಪಾಠದಲ್ಲಿ ಅಮೆರಿಕದ ದಾಸ್ಯಪದ್ಧತಿಯ ಪ್ರಸ್ತಾಪ ಬಂದಾಗಲೆಲ್ಲ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಏಳುವುದುಂಟು. ತುರುವೇಕೆರೆಯಲ್ಲಿಯೋ ತಿಪಟೂರಿನಲ್ಲಿಯೋ ಚಿಕ್ಕನಾಯಕನಹಳ್ಳಿಯಲ್ಲಿಯೋ ಸೇವೆಗೆ ನಿಲ್ಲಬೇಕಾದವರಿಗೆ ಮಿಸೂರಿ, ಕನ್ಸಾಸ್ ಎಂಬ ಹೆಸರುಗಳಿಂದ ಆಗುವ ಪ್ರಯೋಜನವೇನು? ಪ್ರಶ್ನೆ ನ್ಯಾಯವಾದುದೇ. ತೆಂಗಿನ ತೋಟ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕಾಯಿ, ಉಂಡೆ ಕೊಬ್ಬರಿಯ ಧಾರಣೆ, ಬತ್ತಿದ ಕೊಳವೆಬಾವಿ ಇವುಗಳ ನಡುವೆ ಬದುಕುವ ಜನರಿಗೆ ದೂರದೇಶದ ಇತಿಹಾಸವನ್ನು ಹೇಳುವುದಾದರೆ ಅದಕ್ಕೆ ಕಾರಣವನ್ನೂ ಹೇಳಬೇಕು.

ಆ ಕಾರಣವನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಅಮೆರಿಕದ ಆರಂಭಿಕ ಇತಿಹಾಸದಲ್ಲಿ ದಾಸ್ಯವು ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿತ್ತು. ಹೊಸ ಭೂಮಿ ದೊರೆತ ಕಡೆಗೆಲ್ಲ ಅದು ಸರಿಯಿತು. ಕಾನೂನಿನಿಂದ ರದ್ದಾದ ಮೇಲೆಯೂ ಸಾಲದ ರೂಪದಲ್ಲಿ ಮರಳಿ ಬಂದಿತು. ಇದೇ ಮೂರು ಸಂಗತಿಗಳು ನಮ್ಮ ಕರಾವಳಿ, ಕೊಡಗು, ಬಯಲುಸೀಮೆಗಳ ಚರಿತ್ರೆಯಲ್ಲಿಯೂ ಕಾಣುತ್ತವೆ. ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ, ಬಿಡುಗಡೆ ಎಂಬ ಶಬ್ದವನ್ನು ಪ್ರಸಂಗಪೀಠದಿಂದ ಉಚ್ಚರಿಸುವ ನಾವು ಅದರಿಂದ ಏನನ್ನು ಅರ್ಥಮಾಡುತ್ತೇವೆಂಬುದು ಪರೀಕ್ಷೆಗೆ ಒಳಗಾಗುತ್ತದೆ.

1. ಪಡುವಣಕ್ಕೆ ಸರಿದ ದಾಸ್ಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳು ಹುಟ್ಟಿದಾಗ ದಾಸ್ಯವು ಹದಿಮೂರು ಸಂಸ್ಥಾನಗಳಲ್ಲಿಯೂ ಇತ್ತು. ಆದರೆ ಅದರ ತೂಕ ಎಲ್ಲೆಡೆ ಒಂದೇ ಆಗಿರಲಿಲ್ಲ. ಉತ್ತರದಲ್ಲಿ ಸಣ್ಣ ಹಿಡುವಳಿ, ಕೈಕಸುಬು, ಬಂದರಿನ ವ್ಯಾಪಾರ ಮುಖ್ಯವಾಗಿದ್ದುದರಿಂದ ಆ ಸಂಸ್ಥಾನಗಳು ಒಂದೊಂದಾಗಿ ದಾಸ್ಯವನ್ನು ಕೈಬಿಟ್ಟವು. ದಕ್ಷಿಣದ ತಂಬಾಕು, ಭತ್ತ ಮತ್ತು ಹತ್ತಿಯ ದೊಡ್ಡ ತೋಟಗಳು ದಾಸರ ದುಡಿಮೆಯ ಮೇಲೆಯೇ ನಿಂತಿದ್ದವು. 1787ರ ವಾಯವ್ಯ ಪ್ರಾಂತ ಶಾಸನವು ಒಹಾಯೋ ನದಿಯ ಉತ್ತರಕ್ಕೆ ದಾಸ್ಯವನ್ನು ನಿಷೇಧಿಸಿತು. 1793ರಲ್ಲಿ ಹತ್ತಿಯ ಬೀಜ ಬಿಡಿಸುವ ಯಂತ್ರ ಬಂದಿತು. ಯಂತ್ರ ಬಂದರೆ ಆಳಿನ ಅಗತ್ಯ ತಗ್ಗಬೇಕಿತ್ತು. ಆದದ್ದು ಅದಕ್ಕೆ ವಿರುದ್ಧ. ಬೀಜ ಬಿಡಿಸುವುದು ಸುಲಭವಾದೊಡನೆ ಹತ್ತಿ ಬೆಳೆಯುವುದು ಲಾಭದ ಕೆಲಸವಾಯಿತು. ಬೆಳೆಯುವ ಭೂಮಿ ಹೆಚ್ಚಿದಂತೆ ಅದನ್ನು ಉಳುವ, ಬಿಡಿಸುವ ಕೈಗಳೂ ಹೆಚ್ಚು ಬೇಕಾದವು.

1803ರಲ್ಲಿ ಲೂಯಿಸಿಯಾನಾ ಪ್ರದೇಶದ ಖರೀದಿಯಿಂದ ದೇಶದ ವಿಸ್ತಾರ ಸುಮಾರು ಇಮ್ಮಡಿಯಾಯಿತು. 1830ರ ಕಾನೂನಿನ ಬಲದಿಂದ ಚೆರೋಕಿ ಮೊದಲಾದ ಮೂಲನಿವಾಸಿ ಜನಾಂಗಗಳನ್ನು ಅವರ ನೆಲದಿಂದ ಎಬ್ಬಿಸಿ ಮಿಸಿಸಿಪಿ ನದಿಯ ಪಡುವಣಕ್ಕೆ ಅಟ್ಟಲಾಯಿತು. 1838–39ರ ಆ ನಡಿಗೆಯಲ್ಲಿ ಸಾವಿರಾರು ಜನರು ಸತ್ತರು. ತೆರವಾದ ನೆಲಕ್ಕೆ ಹತ್ತಿ ಬಂದಿತು, ಹತ್ತಿಯ ಹಿಂದೆ ದಾಸರು ಬಂದರು. 1808ರಿಂದ ಹೊರದೇಶದಿಂದ ದಾಸರನ್ನು ತರುವುದು ನಿಷಿದ್ಧವಾಗಿದ್ದರೂ, ದೇಶದೊಳಗೇ ವರ್ಜೀನಿಯಾ, ಮೇರಿಲ್ಯಾಂಡ್ ಮೊದಲಾದ ಕಡೆಗಳಿಂದ ಆಲಬಾಮಾ, ಮಿಸಿಸಿಪಿ, ಲೂಯಿಸಿಯಾನಾಗಳಿಗೆ ಸುಮಾರು ಹತ್ತು ಲಕ್ಷ ಜನರು ಸಾಗಿಸಲ್ಪಟ್ಟರು. ಗಂಡನಿಂದ ಹೆಂಡತಿ, ತಾಯಿಯಿಂದ ಮಗು ಬೇರ್ಪಟ್ಟುದು ಈ ಸಾಗಾಟದಲ್ಲಿಯೇ. 1860ರ ಜನಗಣತಿಯಲ್ಲಿ ದಾಸರ ಸಂಖ್ಯೆ 39,53,760.

ಆದ್ದರಿಂದ ಉತ್ತರ ದಕ್ಷಿಣಗಳ ಜಗಳವು ದಾಸ್ಯ ಇರಬೇಕೇ ಬೇಡವೇ ಎಂಬುದಕ್ಕಿಂತ ಮೊದಲು, ಅದು ಪಡುವಣಕ್ಕೆ ಹರಡಬಹುದೇ ಎಂಬ ಜಗಳವಾಗಿತ್ತು. 1820ರ ಮಿಸೂರಿ ಒಪ್ಪಂದ ನಕ್ಷೆಯ ಮೇಲೆ ಒಂದು ಗೆರೆ ಎಳೆಯಿತು. 1850ರ ಒಪ್ಪಂದವು ಓಡಿಹೋದ ದಾಸನನ್ನು ಹಿಡಿದುಕೊಡುವುದನ್ನು ಉತ್ತರದವರಿಗೂ ಕಡ್ಡಾಯ ಮಾಡಿತು. 1854ರ ಕನ್ಸಾಸ್–ನೆಬ್ರಾಸ್ಕಾ ಕಾನೂನು ಹಳೆಯ ಗೆರೆಯನ್ನೇ ಅಳಿಸಿತು. 1861ರಲ್ಲಿ ಯುದ್ಧ ಆರಂಭವಾಯಿತು. 1865ರ ಹದಿಮೂರನೆಯ ತಿದ್ದುಪಡಿಯೊಡನೆ ದಾಸ್ಯ ರದ್ದಾಯಿತು.

ಈ ಯುದ್ಧದ ಬಿಸಿ ನಮ್ಮ ನಾಡಿಗೂ ತಗುಲಿತು. ಅಮೆರಿಕದ ಹತ್ತಿಯ ಬೀಜವನ್ನು ಕಂಪನಿ ಸರಕಾರವು 1840ರ ದಶಕದಲ್ಲಿಯೇ ಧಾರವಾಡದ ಎರೆಭೂಮಿಗೆ ತಂದಿತ್ತು. ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಧಾರವಾಡ, ಹುಬ್ಬಳ್ಳಿಗಳ ಹತ್ತಿಯ ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೆ ಕಾರವಾರ ಬಂದರಿನಿಂದ ಈ ಹತ್ತಿಯನ್ನು ಸಾಗಿಸುವ ಉದ್ದೇಶವೂ ಒಂದು ಕಾರಣ. ಮಿಸಿಸಿಪಿಯ ದಾಸನೂ ಧಾರವಾಡದ ರೈತನೂ ಒಂದೇ ಮಾರುಕಟ್ಟೆಯ ಎರಡು ತುದಿಗಳಲ್ಲಿದ್ದರು.

2. ಒಡೆದ ಸಭೆ

ಸಭೆಯು ಈ ಕಾಲದಲ್ಲಿ ಏನು ಮಾಡಿತೆಂಬುದು ದೇವರ ಸೇವಕರಾದ ನಮಗೆ ಮುಖ್ಯವಾದ ವಿಷಯ. 1844ರಲ್ಲಿ ಮೆಥಡಿಸ್ಟ್ ಸಭೆಯು ದಾಸರ ಒಡೆಯನಾಗಿದ್ದ ಬಿಷಪ್ ಜೇಮ್ಸ್ ಆಂಡ್ರ್ಯೂ ಅವರ ವಿಷಯದಲ್ಲಿ ಇಬ್ಭಾಗವಾಯಿತು. 1845ರಲ್ಲಿ ಬ್ಯಾಪ್ಟಿಸ್ಟರು, 1861ರಲ್ಲಿ ಪ್ರೆಸ್ಬಿಟೇರಿಯನ್ನರು ಒಡೆದರು. ರಾಷ್ಟ್ರ ಒಡೆಯುವುದಕ್ಕೆ ಮೊದಲೇ ಸಭೆಗಳು ಒಡೆಯತೊಡಗಿದ್ದವು. ದಕ್ಷಿಣದ ಬೋಧಕರು ದೇವರ ವಾಕ್ಯವನ್ನು ತಿಳಿಯದವರಲ್ಲ; ಅವರಲ್ಲಿ ಮೂಲಭಾಷೆಗಳ ಪಂಡಿತರಿದ್ದರು. ನೋಹನು ಕಾನಾನನನ್ನು ಶಪಿಸಿದ ವೃತ್ತಾಂತವನ್ನು ಆಫ್ರಿಕದ ಜನರ ಮೇಲೆ ಹೇರಿದವರೂ, ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಅಪೊಸ್ತಲರ ಬುದ್ಧಿವಾದವನ್ನು ಮಾತ್ರ ಬೋಧಿಸಿದವರೂ ಇವರೇ. ಬ್ರಿಟಿಷ್ ವೆಸ್ಟ್ ಇಂಡೀಸಿನ ದಾಸರಿಗಾಗಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆಯ್ದ ಬೈಬಲಿನಲ್ಲಿ ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ ಕಥೆಯನ್ನೇ ಬಿಟ್ಟುಬಿಡಲಾಗಿತ್ತು. ಬಿಟ್ಟವರಿಗೆ ಆ ಕಥೆಯ ಶಕ್ತಿ ಚೆನ್ನಾಗಿಯೇ ತಿಳಿದಿತ್ತು.

ದಾಸರಾದರೋ ಬಿಟ್ಟುಹೋದ ಆ ಭಾಗವನ್ನೇ ಹಿಡಿದುಕೊಂಡರು. ಮೋಶೆಯನ್ನೂ ಯೊರ್ದನನ್ನೂ ಹಾಡಿಕೊಂಡರು. ದಾಸನಾಗಿ ಹುಟ್ಟಿದ ರಿಚರ್ಡ್ ಆಲನ್ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯನ್ನು ಕಟ್ಟಿದರು. ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಾಸ್ 1845ರ ತಮ್ಮ ಆತ್ಮಕಥೆಯಲ್ಲಿ, ಕ್ರಿಸ್ತನ ಕ್ರೈಸ್ತಧರ್ಮವೇ ಬೇರೆ, ದಾಸರ ಒಡೆಯರ ಕ್ರೈಸ್ತಧರ್ಮವೇ ಬೇರೆ ಎಂದು ವಿಭಾಗಿಸಿದರು. ಭಾರತದಲ್ಲಿ ಜೋತಿರಾವ್ ಫುಲೆಯವರು 1873ರ ತಮ್ಮ ‘ಗುಲಾಮಗಿರಿ’ ಗ್ರಂಥವನ್ನು ದಾಸರ ಬಿಡುಗಡೆಗಾಗಿ ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದುದು ಈ ಹಿನ್ನೆಲೆಯಲ್ಲಿಯೇ. ಎರಡು ದಾಸ್ಯಗಳ ಹೋಲಿಕೆ ಇಂದು ನಾವು ಹೊಸದಾಗಿ ಕಲ್ಪಿಸಿದುದಲ್ಲ.

3. ಕರಾವಳಿ, ಕೊಡಗು, ಬಯಲುಸೀಮೆ

ನಮ್ಮ ನಾಡಿನಲ್ಲಿ ದಾಸ್ಯವಿತ್ತೇ ಎಂದು ಸಂದೇಹಪಡುವವರುಂಟು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಮೂರು ಸಂಪುಟಗಳ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಉತ್ತರ ಕೊಡುತ್ತಾನೆ. ಚಿಕ್ಕನಾಯಕನಹಳ್ಳಿಯ ಸೀಮೆಯನ್ನೂ ಹಾದುಹೋದ ಈತನು ಕರಾವಳಿಗೆ ಇಳಿದಾಗ ಅಲ್ಲಿ ಕೂಲಿಯಾಳುಗಳಲ್ಲದೆ ಮೂಲದಾಳುಗಳೂ ಇರುವುದನ್ನು ಗುರುತಿಸಿದನು. ಕೂಲಿಯಾಳು ಕೆಲಸಕ್ಕೆ ಬಂದವನು. ಮೂಲದಾಳು ಹುಟ್ಟಿನಿಂದಲೇ ಒಡೆಯನಿಗೆ ಸೇರಿದವನು. ದಕ್ಷಿಣ ಕನ್ನಡದಲ್ಲಿ ‘ಮೂಲದ ಹೊಲೆಯ’ ಎಂಬ ಹೆಸರು ಬಹುಕಾಲ ಉಳಿಯಿತು. ಕೊಡಗಿನಲ್ಲಿ ಭೂಮಿಜಮ್ಮದವರು, ಒಕ್ಕಲುಜಮ್ಮದವರು ಎಂಬ ಎರಡು ಬಗೆಯಿತ್ತು: ಮೊದಲಿನವರು ಗದ್ದೆಗೆ ಕಟ್ಟಿದವರು, ಗದ್ದೆಯೊಡನೆಯೇ ಕೈಬದಲಾಗುವವರು, ಎರಡನೆಯವರು ಮನೆತನದ ಸ್ವತ್ತು.

ಬಯಲುಸೀಮೆಯ ರೀತಿ ಬೇರೆ. ಇಲ್ಲಿ ಮನುಷ್ಯನನ್ನು ಮಾರುವ ಪತ್ರಕ್ಕಿಂತ ಸಾಲದ ಪತ್ರವೇ ಮುಖ್ಯವಾಗಿತ್ತು. ಮದುವೆಗೋ ಕಾಯಿಲೆಗೋ ಬರಗಾಲದ ರಾಗಿಗೋ ಪಡೆದ ಹಣಕ್ಕೆ ಪ್ರತಿಯಾಗಿ ಒಬ್ಬನು ವರ್ಷಕ್ಕೆಂದು ಜೀತಕ್ಕೆ ನಿಲ್ಲುವನು. ಊಟ, ಕಂಬಳಿ, ಒಂದಿಷ್ಟು ಕಾಳು ದೊರೆತರೂ ಅಸಲು ತೀರದು. ತಂದೆ ಸತ್ತರೆ ಮಗನು ನಿಲ್ಲುವನು. ದನ ಕಾಯಲು ಕಳುಹಿಸಿದ ಎಂಟು ಹತ್ತು ವರ್ಷದ ಹುಡುಗನೂ ಜೀತದವನೇ. ಇದರ ಮೇಲೆ ತೋಟಿ, ತಳವಾರಿಕೆಯ ಊರ ಚಾಕರಿ ಮತ್ತು ಬಿಟ್ಟಿ ಕೆಲಸದ ಭಾರ. ಈ ವಂಶಪಾರಂಪರ್ಯ ಗ್ರಾಮಹುದ್ದೆಗಳು ರದ್ದಾದುದು 1961ರ ಕಾಯ್ದೆಯಿಂದ.

ಅಮೆರಿಕದ ಉತ್ತರ ದಕ್ಷಿಣಗಳಂತೆ ನಮ್ಮಲ್ಲಿಯೂ ಬೆಳೆಯೂ ನೀರೂ ದಾಸ್ಯದ ರೂಪವನ್ನು ನಿರ್ಧರಿಸಿದವು. ವರ್ಷವೆಲ್ಲ ಕೈಗಳನ್ನು ಬೇಡುವ ಭತ್ತದ ಗದ್ದೆ, ಅಡಿಕೆ ತೋಟಗಳಿದ್ದ ಕಡೆ ಆಳು ಮಣ್ಣಿಗೇ ಅಂಟಿದನು. ಮಳೆಯನ್ನು ನಂಬಿದ ರಾಗಿಯ ನೆಲದಲ್ಲಿ ಅವನು ಸಾಲಕ್ಕೆ ಅಂಟಿದನು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಮೆರಿಕದಲ್ಲಿ ದಾಸ್ಯದ ಗುರುತು ಚರ್ಮದ ಬಣ್ಣ. ಇಲ್ಲಿ ಅದು ಜಾತಿ. ಅಲ್ಲಿಯವನನ್ನು ಸಮುದ್ರದಾಚೆಯಿಂದ ತಂದರು. ಇಲ್ಲಿಯವನು ತನ್ನ ಊರಿನಲ್ಲಿಯೇ, ಊರ ಹೊರಗೆ ಇರಿಸಲ್ಪಟ್ಟವನು.

4. ಕಾಫಿಯ ಗಡಿ ಮತ್ತು ಮುಂಗಡದ ಹಗ್ಗ

ಅಮೆರಿಕದ ಹತ್ತಿಗೆ ಸಮನಾದುದು ನಮ್ಮಲ್ಲಿ ಕಾಫಿ. ಬಾಬಾಬುಡನ್ ಗಿರಿಯಲ್ಲಿ ಹಿಂದಿನಿಂದಲೂ ಇದ್ದ ಈ ಗಿಡವು ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಮಂಜರಾಬಾದು, ಕೊಡಗುಗಳ ಕಾಡಿಗೆ ಹರಡಿತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬಾತನು ಅಲ್ಲಿಯ ಮೊದಲ ಯುರೋಪಿಯನ್ ತೋಟವನ್ನು ತೆರೆದನು. ಕನ್ಸಾಸಿನ ಕಾನೂನು ಹುಟ್ಟಿದ ವರ್ಷವೂ ಅದೇ. ಕಾಡು ಕಡಿದ ಹಾಗೆ ಜೇನುಕುರುಬರು, ಯರವರು ತಮ್ಮ ನೆಲೆಯಲ್ಲಿಯೇ ಆಳುಗಳಾದರು.

ತೋಟಕ್ಕೆ ಆಳುಗಳು ಬಂದುದು ಬಯಲುಸೀಮೆಯಿಂದ, ಕರಾವಳಿಯಿಂದ, ತಮಿಳು ಸೀಮೆಯಿಂದ. ಬಯಲಿನವರಿಗೆ ಘಟ್ಟವು ಪಡುವಣ ದಿಕ್ಕು. ಮಳೆ ಕೈಕೊಟ್ಟ ವರ್ಷ ಪಡುವಣಕ್ಕೆ ಹೋಗುವುದೇ ಅವರಿಗೆ ಉಳಿದಿದ್ದ ದಾರಿ. ಅವರನ್ನು ಕೂಡಿಸಿ ಕರೆತರುವವನು ಮೇಸ್ತ್ರಿ. ಕರೆತರುವ ಉಪಾಯ ಮುಂಗಡ. ಹಣ ಪಡೆದವನು ತೋಟ ಬಿಟ್ಟು ಹೋದರೆ 1859ರ ಕೆಲಸಗಾರರ ಕರಾರುಭಂಗ ಕಾಯ್ದೆಯ ಪ್ರಕಾರ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಕೆಲಸಕ್ಕೆ ಮರಳಲು ಆಜ್ಞಾಪಿಸಿ, ಒಪ್ಪದಿದ್ದರೆ ಮೂರು ತಿಂಗಳವರೆಗೆ ಸೆರೆಯಲ್ಲಿಡಬಹುದಾಗಿತ್ತು. ಕರಾರು ಮುರಿದ ಒಡೆಯನಿಗೆ ಇಂಥ ಸೆರೆ ಇರಲಿಲ್ಲ. ಈ ಕಾಯ್ದೆಯನ್ನು ರದ್ದುಪಡಿಸುವ ಶಾಸನ ಬಂದುದು 1925ರಲ್ಲಿ. ಓಡಿಹೋದ ದಾಸನನ್ನು ಹಿಡಿದುಕೊಡುವ 1850ರ ಅಮೆರಿಕದ ಕಾನೂನನ್ನು ಓದಿದವರಿಗೆ ಇದರ ಮುಖಪರಿಚಯ ಕೂಡಲೇ ಆಗುತ್ತದೆ.

ಇದನ್ನು ನಮ್ಮ ಭಾಷೆಯಲ್ಲಿ ಮರೆಯಲಾಗದಂತೆ ಚಿತ್ರಿಸಿದ ಕೃತಿ 1933ರ ‘ಚೋಮನ ದುಡಿ’. ಶಿವರಾಮ ಕಾರಂತರ ಚೋಮನಿಗೆ ಎತ್ತುಗಳಿವೆ, ಉಳುವ ಆಸೆಯಿದೆ. ಜಾತಿಯ ಕಾರಣದಿಂದ ಭೂಮಿ ಮಾತ್ರ ಇಲ್ಲ. ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಸಭಾಪಾಲಕರು ಈ ಕಾದಂಬರಿಯನ್ನು ಓದಲೇಬೇಕಾದ ಕಾರಣವೊಂದಿದೆ. ಸಾಲವಸೂಲಿಗೆ ಬರುವ, ಬೆಳ್ಳಿಯ ಮಾನದ ಬೆಲೆಗೆ ಸಾಲ ವಜಾ ಮಾಡಿಸುವ ಮನ್ವೇಲನದು ಕ್ರೈಸ್ತ ಹೆಸರು. ಮಗ ಗುರುವನು ಸೇರಿಕೊಳ್ಳುವುದೂ ಕ್ರೈಸ್ತ ಮತವನ್ನೇ. ಭೂಮಿಯ ಆಸೆಯಿಂದ ಚೋಮನೂ ಅತ್ತ ಹೊರಟು, ದಾರಿಯಲ್ಲಿ ತನ್ನ ದೈವವನ್ನು ನೆನೆದು ಹಿಂದಿರುಗುತ್ತಾನೆ. ಸಭೆಯು ಆಶ್ರಯವಾಗಿಯೂ ಶೋಷಕನ ಹೆಸರಾಗಿಯೂ ಒಂದೇ ಕಥೆಯಲ್ಲಿ ಕಾಣುವುದನ್ನು ನಾವು ನೋವಿನಿಂದಲೇ ಒಪ್ಪಿಕೊಳ್ಳಬೇಕಾಗಿದೆ.

5. ಮಿಷನ್ನಿನ ಪ್ರಯತ್ನ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಈ ಸಮಸ್ಯೆಯನ್ನು ಬೇಗನೆ ಎದುರಿಸಬೇಕಾಯಿತು. ದೀಕ್ಷಾಸ್ನಾನ ಹೊಂದಿದವನು ಮನೆಯನ್ನೂ ಒಕ್ಕಲುತನವನ್ನೂ ಕಳೆದುಕೊಳ್ಳುತ್ತಿದ್ದನು. ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಇವು ಈ ಅಗತ್ಯದಿಂದ ಹುಟ್ಟಿದವು. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗರನ್ನು ನಾವು ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ನೆನೆಯುತ್ತೇವೆ. ಅವರ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. 1853ರಲ್ಲಿ ಕೊಡಗಿಗೆ ಹೋದ ಅವರು, ಅಲ್ಲಿಯ ದಾಸ್ಯದ ಕುಲದವರು ಸುವಾರ್ತೆಗೆ ಕಿವಿಗೊಟ್ಟಾಗ, ಅವರಿಗಾಗಿ ಆನಂದಪುರವೆಂಬ ನೆಲೆಯನ್ನು ಏರ್ಪಡಿಸಿದರು. ಗದ್ದೆಯೂ ಕಾಫಿಯೂ ಇಲ್ಲದೆ ಬರಿಯ ದೀಕ್ಷಾಸ್ನಾನದಿಂದ ಅವರು ಸ್ವತಂತ್ರರಾಗಲಾರರೆಂಬ ತಿಳಿವಳಿಕೆ ಆ ಪ್ರಯತ್ನದಲ್ಲಿತ್ತು. 1860ರಲ್ಲಿ ಮೋಗ್ಲಿಂಗರು ದೇಶ ಬಿಟ್ಟರು. ಆನಂದಪುರ ಒಂದು ಸಣ್ಣ ನೆಲೆಯಾಗಿಯೇ ಉಳಿಯಿತು. ನಾಡಿನ ಪದ್ಧತಿಯನ್ನು ಅದು ಬದಲಿಸಲಿಲ್ಲ. ಆದರೂ ಪ್ರಶ್ನೆಯನ್ನು ಸರಿಯಾಗಿ ಕೇಳಿತು: ಬಿಡುಗಡೆ ಹೊಂದಿದವನು ನಾಳೆ ಯಾರ ನೆಲದಲ್ಲಿ ಉಣ್ಣುವನು?

6. ಕಾನೂನು ಬಿಡಿಸಿತು, ಸಾಲ ಕಟ್ಟಿತು

ಕಂಪನಿಯ ಆಡಳಿತದ 1843ರ ಐದನೆಯ ಕಾಯ್ದೆಯು ದಾಸ್ಯದ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂದು ವಿಧಿಸಿತು. ದಾಸನನ್ನಿಟ್ಟುಕೊಳ್ಳುವುದು ಅಪರಾಧವೆಂದು ಅದು ಹೇಳಲಿಲ್ಲ. ದಾಸರಿಗೆ ಈ ಸುದ್ದಿಯನ್ನು ತಲುಪಿಸುವ ಹೊಣೆಯನ್ನೂ ಯಾರ ಮೇಲೂ ಹೊರಿಸಲಿಲ್ಲ. ಮನುಷ್ಯನನ್ನು ದಾಸನಾಗಿ ಕೊಳ್ಳುವುದು, ಮಾರುವುದು ಶಿಕ್ಷಾರ್ಹವಾದುದು 1860ರ ದಂಡಸಂಹಿತೆಯಿಂದ. ಅಷ್ಟರಲ್ಲಿ ಒಡೆತನದ ಸ್ಥಾನವನ್ನು ಸಾಲವು ತುಂಬಿತ್ತು.

ಅಮೆರಿಕದಲ್ಲಿಯೂ ಹೀಗೆಯೇ ಆಯಿತು. 1865ರ ಜನವರಿಯಲ್ಲಿ ಸೇನಾಪತಿ ಶೆರ್ಮನ್ ಬಿಡುಗಡೆಯಾದ ಕುಟುಂಬಗಳಿಗೆ ಕರಾವಳಿಯ ಭೂಮಿಯನ್ನು ನಲವತ್ತು ಎಕರೆಗಳವರೆಗೆ ಹಂಚಲು ಅಪ್ಪಣೆ ಮಾಡಿದನು. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಅದನ್ನು ಹಿಂತೆಗೆದುಕೊಂಡು ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದನು. 1862ರ ಕಾನೂನಿನಂತೆ ಪಡುವಣದಲ್ಲಿ ಒಕ್ಕಲುಗಳಿಗೆ 160 ಎಕರೆಗಳನ್ನು ಹಂಚುತ್ತಿದ್ದ ಸರಕಾರವೇ ಅದು. ಭೂಮಿಯಿಲ್ಲದ ದಾಸನು ಪಾಲಿನ ಬೇಸಾಯಕ್ಕೆ, ಅಂಗಡಿಯ ಸಾಲಕ್ಕೆ ಮರಳಿದನು.

ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿದೆ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಕರ್ನಾಟಕದ ಗೇಣಿದಾರರು ಭೂಮಿಯ ಒಡೆಯರಾದರು. ಆದರೆ ಜೀತದವನು ಗೇಣಿದಾರನಲ್ಲ. ಅವನು ಉತ್ತ ನೆಲದಲ್ಲಿ ಅವನ ಹೆಸರಿರಲಿಲ್ಲ. 1975ರ ಅಕ್ಟೋಬರಿನಲ್ಲಿ ಬಂದ ಸುಗ್ರೀವಾಜ್ಞೆ, ಅದರ ಬೆನ್ನಿಗೆ 1976ರ ಜೀತಪದ್ಧತಿ ರದ್ದಿಯಾತಿ ಕಾಯ್ದೆ ಇವು ಜೀತದ ಸಾಲಗಳನ್ನೆಲ್ಲ ಅಳಿಸಿಹಾಕಿದವು. 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲಾತ್ಕಾರದ ದುಡಿಮೆಯೇ ಎಂದು ತೀರ್ಪಿತ್ತಿತು. ಹಸಿವೂ ಒಂದು ಬಲಾತ್ಕಾರವೆಂಬುದು ಆ ತೀರ್ಪಿನ ತಿರುಳು.

7. ಯೆರೆಮೀಯನ ಮುವತ್ತನಾಲ್ಕನೆಯ ಅಧ್ಯಾಯ

ಈ ಚರಿತ್ರೆಯನ್ನು ಯಾವ ವಾಕ್ಯದ ಬೆಳಕಿನಲ್ಲಿ ಓದಬೇಕು? ವಿಮೋಚನಕಾಂಡವೇ ಮೊದಲು ನೆನಪಾಗುವುದು ಸಹಜ. ಆದರೆ ನಮ್ಮ ಸ್ಥಿತಿಗೆ ಹೆಚ್ಚು ಸಮೀಪವಾದುದು ಯೆರೆಮೀಯ 34ನೆಯ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದಾಗ ಅರಸನಾದ ಚಿದ್ಕೀಯನೂ ಪ್ರಜೆಗಳೂ ದೇವಾಲಯದಲ್ಲಿ ಒಡಂಬಡಿಕೆ ಮಾಡಿ ಇಬ್ರಿಯ ದಾಸದಾಸಿಯರನ್ನು ಬಿಟ್ಟುಬಿಟ್ಟರು. ಮುತ್ತಿಗೆ ಸಡಿಲವಾದೊಡನೆ ಅವರನ್ನೇ ಹಿಡಿದು ತಂದು ಮತ್ತೆ ದಾಸರನ್ನಾಗಿ ಮಾಡಿಕೊಂಡರು. ಪ್ರವಾದಿಯ ಕೋಪ ದಾಸ್ಯದ ಮೇಲೆ ಮಾತ್ರವಲ್ಲ, ಬಿಡುಗಡೆಯನ್ನು ಹಿಂತೆಗೆದುಕೊಂಡವರ ಮೇಲೆ. ದೇವರ ಹೆಸರಿನಲ್ಲಿ ಕೊಟ್ಟ ಬಿಡುಗಡೆಯನ್ನು ಕಸಿದವರು ದೇವರ ಹೆಸರನ್ನೇ ಅಪವಿತ್ರಗೊಳಿಸಿದರೆಂಬುದು ಅವನ ಆರೋಪ.

ಬಿಡುಗಡೆ ಹಿಂದೆ ಹೋಗದಂತೆ ಏನು ಮಾಡಬೇಕೆಂಬುದಕ್ಕೆ ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ಉತ್ತರವೀಯುತ್ತದೆ. ಏಳನೆಯ ವರ್ಷದಲ್ಲಿ ದಾಸನನ್ನು ಬರಿಗೈಯಲ್ಲಿ ಕಳುಹಿಸಬಾರದು. ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷಿಯ ಆಲೆಯಿಂದಲೂ ಅವನಿಗೆ ಪಾಲು ಕೊಡಬೇಕು. ಯಾಜಕಕಾಂಡದ ಜೂಬಿಲಿ ವರ್ಷದಲ್ಲಿ ಭೂಮಿಯೂ ಮರಳಬೇಕು. 1843ರ ಕಾಯ್ದೆಗೂ ಅಮೆರಿಕದ ತಿದ್ದುಪಡಿಗೂ ಇಲ್ಲದುದು ಇದೇ. ವೇದದ ದೃಷ್ಟಿಯಲ್ಲಿ ಬರಿಗೈಯ ಬಿಡುಗಡೆ ಅರ್ಧ ಬಿಡುಗಡೆ.

ನೆಹೆಮೀಯನ 5ನೆಯ ಅಧ್ಯಾಯವು ಇನ್ನೂ ಹತ್ತಿರಕ್ಕೆ ಬರುತ್ತದೆ. ಧಾನ್ಯಕ್ಕಾಗಿ ಹೊಲವನ್ನೂ ತೋಟವನ್ನೂ, ಕೊನೆಗೆ ಮಕ್ಕಳನ್ನೂ ಒತ್ತೆಯಿಟ್ಟ ಜನರ ಕೂಗು ಅಲ್ಲಿದೆ. ನೆಹೆಮೀಯನು ಶ್ರೀಮಂತರನ್ನು ಗದರಿಸುವಾಗ ತಾನೂ ತನ್ನ ಸಹೋದರರೂ ಸಾಲ ಕೊಟ್ಟವರಲ್ಲಿ ಸೇರಿರುವುದನ್ನು ಮುಚ್ಚಿಡುವುದಿಲ್ಲ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಪೌಲನು ಒನೇಸಿಮನನ್ನು ಪ್ರಿಯ ಸಹೋದರನಾಗಿ ಸೇರಿಸಿಕೊಳ್ಳಲು ಬೇಡುವುದಷ್ಟೇ ಅಲ್ಲ, ಅವನ ಸಾಲವನ್ನು ತನ್ನ ಲೆಕ್ಕಕ್ಕೆ ಹಾಕೆನ್ನುತ್ತಾನೆ. ಪೌಲನು ದಾಸ್ಯದ ಪದ್ಧತಿಯನ್ನೇ ಖಂಡಿಸಲಿಲ್ಲವೆಂಬ ಆಕ್ಷೇಪಕ್ಕೆ ಪೂರ್ಣ ಉತ್ತರ ಇದಲ್ಲ. ದಕ್ಷಿಣದ ಬೋಧಕರು ಇದೇ ಪತ್ರವನ್ನು ತಮ್ಮ ಪರವಾಗಿ ಓದಿದರು. ಆದರೆ ಸಹೋದರತ್ವಕ್ಕೆ ಬೆಲೆಯಿದೆ, ಆ ಬೆಲೆಯನ್ನು ಯಾರಾದರೂ ತೆರಬೇಕು ಎಂಬುದನ್ನು ಅವರು ಓದದೆ ಬಿಟ್ಟರು.

ಉಪಸಂಹಾರ: ತೆಂಗಿನ ಸೀಮೆಯ ಸಭಾಪಾಲಕನಿಗೆ

ಇಂದು ಜೀತವು ತನ್ನ ಹಳೆಯ ಹೆಸರನ್ನು ಹೇಳಿಕೊಂಡು ಬರುವುದಿಲ್ಲ. ಮುಂಗಡವೆಂದೋ, ಕೈಸಾಲವೆಂದೋ, ವರ್ಷದ ಲೆಕ್ಕವೆಂದೋ ಬರುತ್ತದೆ. ಆದ್ದರಿಂದ ಹೆಸರನ್ನು ಬಿಟ್ಟು ಲಕ್ಷಣಗಳನ್ನು ನೋಡಬೇಕು: ಸಾಲ ತೀರುವವರೆಗೆ ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯವಿದೆಯೇ? ಕೂಲಿಯು ಕನಿಷ್ಠ ವೇತನಕ್ಕೆ ಮುಟ್ಟುತ್ತದೆಯೇ? ಒಬ್ಬನ ಸಾಲಕ್ಕೆ ಮನೆಯ ಇನ್ನೊಬ್ಬರು ದುಡಿಯುತ್ತಿದ್ದಾರೆಯೇ? ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ಇವುಗಳಿಗೆ ಉತ್ತರ ಸಂದೇಹಕರವಾಗಿದ್ದರೆ ಕಾನೂನಿನ ದಾರಿ ಸ್ಪಷ್ಟವಾಗಿದೆ. 1976ರ ಕಾಯ್ದೆಯ ಪ್ರಕಾರ ಅದು ಜೀತದ ಸಾಲವಲ್ಲವೆಂದು ಸಾಧಿಸುವ ಭಾರ ಸಾಲ ಕೊಟ್ಟವನದು, ದುಡಿಯುವವನದಲ್ಲ. ಜೀತಕ್ಕೆ ಒತ್ತಾಯಿಸಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತ ಸಮಿತಿಗಳಿರಬೇಕು. ಅವುಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳವರೂ ಸಮಾಜಸೇವಕರೂ ಸದಸ್ಯರಾಗಿರಬೇಕು. ನಮ್ಮ ಮೂರು ತಾಲ್ಲೂಕುಗಳಿಗೆ ಉಪವಿಭಾಗದ ಕೇಂದ್ರ ತಿಪಟೂರೇ. ಬಿಡುಗಡೆ ಪತ್ರ ದೊರೆತ ಮೇಲೆ ಪುನರ್ವಸತಿಯ ನೆರವಿಗೆ ಹಕ್ಕುಂಟು. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು, ಕುಟುಂಬವು ಹಳೆಯ ಸಾಲಕ್ಕೆ ಮರಳದಂತೆ ಒಂದೆರಡು ವರ್ಷ ಕೈಹಿಡಿದು ನಡೆಸುವುದು ಇವು ಸಭಾಪಾಲಕನ ಕೆಲಸವಲ್ಲವೆಂದು ಹೇಳುವವರು ಒನೇಸಿಮನ ಲೆಕ್ಕವನ್ನು ಯಾರು ಹೊತ್ತರೆಂಬುದನ್ನು ಜ್ಞಾಪಿಸಿಕೊಳ್ಳಲಿ.

ತೋಟದ ಒಡೆಯರೂ ಇಂದು ಸುಖವಾಗಿಲ್ಲ. ಕೊಬ್ಬರಿಯ ಬೆಲೆ ಕುಸಿದ ವರ್ಷ ಸಣ್ಣ ಬೆಳೆಗಾರನೂ ಸಾಲಗಾರನೇ. ಅವನ ಕಷ್ಟವನ್ನು ಸಭೆ ಕೇಳಬೇಕು. ಆದರೆ ಅವನ ಸಾಲದ ಭಾರವನ್ನು ಅವನಿಗಿಂತ ಕೆಳಗಿರುವವನ ಹೆಗಲಿಗೆ ಸಾಗಿಸುವುದಕ್ಕೆ ಸಭೆ ಒಪ್ಪಿಗೆ ಕೊಡಲಾರದು. ನಮ್ಮ ಸಭೆಗಳ ಆಸ್ತಿಪಾಸ್ತಿಗಳಲ್ಲಿ, ಶಾಲೆ, ವಸತಿಗೃಹಗಳಲ್ಲಿ, ನಮ್ಮ ಮನೆಗಳಲ್ಲಿಯೇ ದುಡಿಯುವವರ ಕೂಲಿಯ ಲೆಕ್ಕವನ್ನು ಮೊದಲು ತೆರೆದು ನೋಡುವುದು ನೆಹೆಮೀಯನು ತೋರಿದ ಕ್ರಮ. ದಕ್ಷಿಣದ ಬ್ಯಾಪ್ಟಿಸ್ಟರು ದಾಸ್ಯದ ವಿಷಯದಲ್ಲಿ ಕ್ಷಮೆ ಕೋರುವ ನಿರ್ಣಯ ಮಾಡಿದುದು 1995ರಲ್ಲಿ, ಒಡೆದು ನೂರೈವತ್ತು ವರ್ಷಗಳಾದ ಮೇಲೆ. ನಾವು ಅಷ್ಟು ಕಾಲ ಕಾಯಬೇಕಾಗಿಲ್ಲ.